ಕಷಾಯ, ಚೂರ್ಣ ಮತ್ತು ಮಾತ್ರೆ: ಒಟ್ಟಿಗೆ ಸೇವಿಸಿದಾಗ ಯಕೃತ್ತಿನಲ್ಲಿ ಏನಾಗುತ್ತದೆ?

ದಾವಣಗೆರೆಯ ಸರಸ್ವತಿ ನಗರವಾಗಲಿ, ತುಂಗಭದ್ರೆಯ ದಡದ ಹರಿಹರವಾಗಲಿ, ಹಿರಿಯರಿರುವ ಮನೆಗಳಲ್ಲಿ ಎರಡು ಔಷಧ ಡಬ್ಬಿಗಳು ಇರುವುದು ಸಾಮಾನ್ಯ. ಒಂದರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಹೃದಯದ ಮಾತ್ರೆಗಳು. ಇನ್ನೊಂದು ಅಡುಗೆಮನೆಯ ಕಪಾಟಿನಲ್ಲಿರುತ್ತದೆ: ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಅರಿಶಿನ, ಜ್ಯೇಷ್ಠಮಧು, ತ್ರಿಫಲಾ ಚೂರ್ಣ, ಅಮೃತಬಳ್ಳಿಯ ಪುಡಿ. ಮೊದಲ ಡಬ್ಬಿಯ ಬಗ್ಗೆ ವೈದ್ಯರಿಗೆ ಗೊತ್ತು. ಎರಡನೆಯದರ ಬಗ್ಗೆ ಅವರು ಕೇಳುವುದೂ ಕಡಿಮೆ, ಮನೆಯವರು ಹೇಳುವುದೂ ಕಡಿಮೆ. ‘ಅದು ಔಷಧವೇ ಅಲ್ಲ, ಮನೆಮದ್ದು’ ಎಂಬ ಭಾವನೆ ಇದಕ್ಕೆ ಕಾರಣ.

ಆದರೆ ದೇಹದೊಳಗೆ ಹೋದ ಮೇಲೆ ಈ ಎರಡು ಡಬ್ಬಿಗಳ ನಡುವೆ ಗೋಡೆ ಇರುವುದಿಲ್ಲ. ಎರಡೂ ಕರುಳಿನಿಂದ ಒಂದೇ ರಕ್ತನಾಳದ ಮೂಲಕ ಯಕೃತ್ತಿಗೆ ಬರುತ್ತವೆ. ಅಲ್ಲಿ ಒಂದು ಇನ್ನೊಂದರ ಕೆಲಸವನ್ನು ಹೆಚ್ಚಿಸಬಹುದು, ಕುಗ್ಗಿಸಬಹುದು, ಕೆಲವೊಮ್ಮೆ ಎರಡೂ ಸೇರಿ ಯಕೃತ್ತಿಗೇ ಪೆಟ್ಟು ಕೊಡಬಹುದು. ಮನೆಮದ್ದನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಯಾವುದನ್ನು ಯಾವುದರ ಜೊತೆ ಸೇವಿಸುವಾಗ ಎಚ್ಚರ ಬೇಕು ಎಂಬುದು ಪ್ರತಿ ಮನೆಗೂ ಗೊತ್ತಿರಬೇಕು.

ಹಳೆಯ ಅರಿವು

ಔಷಧದ ವಿಷಯದಲ್ಲಿ ಎಚ್ಚರ ಜೈನ ಪರಂಪರೆಗೆ ಹೊಸದಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧಕ್ಕೂ ಸ್ಥಾನವಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ರಚಿಸಿ, ಮದ್ಯ, ಮಾಂಸ, ಮಧುವನ್ನು ಬಿಟ್ಟು ಚಿಕಿತ್ಸೆ ನಡೆಸುವ ದಾರಿ ತೋರಿದರು. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ನಾಟಕ ಕಲ್ಯಾಣಕಾರಕ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದನು. 14ನೇ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನೇ ವಿಷಯವಾಗಿ ತೆಗೆದುಕೊಂಡನು. ಸಸ್ಯಗಳಲ್ಲೂ ವಿಷವಿದೆ ಎಂಬುದು ನಮ್ಮ ಪ್ರಾಚೀನ ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು.

ಆಯುರ್ವೇದದಲ್ಲಿ ‘ಅನುಪಾನ’ ಎಂಬ ಮಾತಿದೆ. ಔಷಧವನ್ನು ಯಾವುದರ ಜೊತೆ ಸೇವಿಸಬೇಕು, ಬಿಸಿನೀರಿನಲ್ಲೋ, ಹಾಲಿನಲ್ಲೋ, ತುಪ್ಪದಲ್ಲೋ ಎಂಬ ವಿಚಾರ ಅದು. ಜೊತೆಗೆ ಸೇವಿಸಿದ ವಸ್ತು ಔಷಧದ ಗುಣವನ್ನು ಬದಲಿಸುತ್ತದೆ ಎಂಬ ಅರಿವು ಅದರ ಹಿಂದಿದೆ. ಇಂದು ಬದಲಾಗಿರುವುದು ಒಂದೇ. ಹಿಂದೆ ಒಬ್ಬನೇ ವೈದ್ಯ ಎಲ್ಲವನ್ನೂ ಕೊಡುತ್ತಿದ್ದ. ಈಗ ಒಬ್ಬರೇ ರೋಗಿ ಹೃದಯ ತಜ್ಞರು, ಆಯುರ್ವೇದ ವೈದ್ಯರು, ಅಂಗಡಿಯವರು ಮತ್ತು ವಾಟ್ಸಾಪ್ ಸಂದೇಶ, ಈ ನಾಲ್ಕೂ ಕಡೆಯಿಂದ ಔಷಧ ಪಡೆಯುತ್ತಾರೆ. ನಾಲ್ಕನ್ನೂ ಒಟ್ಟಿಗೆ ನೋಡುವವರು ಯಾರೂ ಇರುವುದಿಲ್ಲ.

ಯಕೃತ್ತು ಔಷಧವನ್ನು ಏನು ಮಾಡುತ್ತದೆ?

ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಅಡಿಯಲ್ಲಿರುವ ಯಕೃತ್ತು ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಕರುಳು ಹೀರಿಕೊಂಡ ಹೆಚ್ಚಿನ ವಸ್ತುಗಳು ಮೊದಲು ಇಲ್ಲಿಗೆ ಬಂದು, ಆಮೇಲೆ ದೇಹದ ಉಳಿದ ಭಾಗಕ್ಕೆ ಹೋಗುತ್ತವೆ. ಹೀಗಾಗಿ ಇದೊಂದು ತಪಾಸಣಾ ಠಾಣೆ ಇದ್ದಂತೆ.

ಅನೇಕ ಔಷಧಗಳು ಕೊಬ್ಬಿನಲ್ಲಿ ಕರಗುವಂಥವು. ಹಾಗೆಯೇ ಬಿಟ್ಟರೆ ದೇಹದಿಂದ ಸುಲಭವಾಗಿ ಹೊರಹೋಗುವುದಿಲ್ಲ. ಯಕೃತ್ತು ಅವುಗಳನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ, ಮೂತ್ರ ಅಥವಾ ಪಿತ್ತರಸದ ಮೂಲಕ ಹೊರಗೆ ಕಳಿಸುತ್ತದೆ. ಇದು ಸಾಮಾನ್ಯವಾಗಿ ಎರಡು ಹಂತದ ಕೆಲಸ. ಮೊದಲ ಹಂತದಲ್ಲಿ ಔಷಧದ ಅಣುವಿನ ರೂಪ ಸ್ವಲ್ಪ ಬದಲಾಗುತ್ತದೆ. ಎರಡನೇ ಹಂತದಲ್ಲಿ ಅದಕ್ಕೆ ಇನ್ನೊಂದು ಚಿಕ್ಕ ಅಣು ಜೋಡಣೆಯಾಗಿ, ಹೊರಹೋಗಲು ಸಿದ್ಧವಾಗುತ್ತದೆ.

ಮೊದಲ ಹಂತವನ್ನು ನಡೆಸುವ ಮುಖ್ಯ ಕಿಣ್ವಗಳ ಗುಂಪಿಗೆ ‘ಸೈಟೋಕ್ರೋಮ್ ಪಿ450’ ಎಂದು ಹೆಸರು. ಪ್ರಯೋಗಾಲಯದಲ್ಲಿ ಇವು 450 ನ್ಯಾನೋಮೀಟರ್ ಬೆಳಕನ್ನು ಹೀರುವುದರಿಂದ ಈ ಹೆಸರು ಬಂತು. ಗುಂಪಿನಲ್ಲಿ ಹಲವು ಸದಸ್ಯರಿದ್ದು, ‘3ಎ4’ ಎಂಬ ಕಿಣ್ವ ಒಂದೇ ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಬಹುದೊಡ್ಡ ಪಾಲನ್ನು ನಿಭಾಯಿಸುತ್ತದೆ. ಕೊಲೆಸ್ಟ್ರಾಲಿಗೆ ಕೊಡುವ ಅಟೋರ್ವಾಸ್ಟಾಟಿನ್, ರಕ್ತದೊತ್ತಡದ ಅಮ್ಲೋಡಿಪಿನ್, ಅಂಗಾಂಗ ಕಸಿಯಾದವರು ಸೇವಿಸುವ ಸೈಕ್ಲೋಸ್ಪೋರಿನ್ ಮತ್ತು ಟ್ಯಾಕ್ರೋಲಿಮಸ್ ಇದೇ ದಾರಿಯಲ್ಲಿ ಹೋಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮತ್ತು ಮೂರ್ಛೆರೋಗದ ಫೆನಿಟೋಯಿನ್ ಬಹುಮಟ್ಟಿಗೆ ‘2ಸಿ9’ ಎಂಬ ಇನ್ನೊಂದು ಕಿಣ್ವವನ್ನು ಅವಲಂಬಿಸಿವೆ. ಎಲ್ಲ ಮಾತ್ರೆಗಳೂ ಹೀಗಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಯಕೃತ್ತಿನಲ್ಲಿ ಬದಲಾಗದೆ ಮೂತ್ರಪಿಂಡದ ಮೂಲಕ ಹಾಗೆಯೇ ಹೊರಹೋಗುತ್ತದೆ.

ಎರಡು ದಿಕ್ಕಿನ ತೊಂದರೆ

ಗಿಡಮೂಲಿಕೆಯಲ್ಲಿರುವ ರಾಸಾಯನಿಕಗಳನ್ನೂ ಇದೇ ಕಿಣ್ವಗಳು ನಿಭಾಯಿಸಬೇಕು. ಆಗ ಎರಡು ರೀತಿಯ ತೊಂದರೆ ಸಾಧ್ಯ.

ಮೊದಲನೆಯದು, ಕಿಣ್ವಕ್ಕೆ ಅಡ್ಡಿ. ಮೂಲಿಕೆಯ ಅಂಶವು ಕಿಣ್ವವನ್ನು ಹಿಡಿದಿಟ್ಟರೆ ಮಾತ್ರೆ ಒಡೆಯುವುದು ನಿಧಾನವಾಗುತ್ತದೆ. ನುಂಗಿದ್ದು ಒಂದೇ ಮಾತ್ರೆಯಾದರೂ ರಕ್ತದಲ್ಲಿ ಒಂದೂವರೆ, ಎರಡು ಮಾತ್ರೆಯಷ್ಟು ಔಷಧ ಇದ್ದಂತಾಗಬಹುದು. ಇದು ಕೆಲವು ಗಂಟೆಗಳಲ್ಲೇ ಆಗಬಹುದು.

ಎರಡನೆಯದು, ಕಿಣ್ವಕ್ಕೆ ಪ್ರಚೋದನೆ. ಕೆಲವು ಮೂಲಿಕೆಗಳು ಯಕೃತ್ತಿಗೆ ಹೆಚ್ಚು ಕಿಣ್ವ ತಯಾರಿಸಲು ಸೂಚನೆ ಕೊಡುತ್ತವೆ. ಆಗ ಮಾತ್ರೆ ಬೇಗ ಒಡೆದು ಹೋಗುತ್ತದೆ. ಹೊತ್ತಿಗೆ ಸರಿಯಾಗಿ ನುಂಗಿದರೂ ರೋಗ ಹಿಡಿತಕ್ಕೆ ಸಿಗುವುದಿಲ್ಲ. ಹೊಸ ಕಿಣ್ವ ತಯಾರಾಗಲು ಒಂದೆರಡು ವಾರ ಬೇಕಾಗುವುದರಿಂದ ಕಾರಣ ಯಾವುದೆಂದು ಹೊಳೆಯುವುದು ಕಷ್ಟ. ಮೂಲಿಕೆ ನಿಲ್ಲಿಸಿದಾಗಲೂ ಅಪಾಯವಿದೆ. ಕಿಣ್ವ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ, ಈ ನಡುವೆ ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದರೆ ಈಗ ಅದು ಅತಿಯಾಗುತ್ತದೆ.

ಎರಡನೇ ಬಗೆಗೆ ವೈದ್ಯಲೋಕದಲ್ಲಿ ಹೆಚ್ಚು ಹೇಳುವ ಉದಾಹರಣೆ ಯುರೋಪಿನದು. ಅಲ್ಲಿ ಮನಸ್ಸಿನ ಬೇಸರಕ್ಕೆ ಸೇವಿಸುವ ‘ಸೇಂಟ್ ಜಾನ್ಸ್ ವರ್ಟ್’ ಎಂಬ ಮೂಲಿಕೆಯನ್ನು ಹೃದಯ ಕಸಿಯಾದ ಇಬ್ಬರು ರೋಗಿಗಳು ತೆಗೆದುಕೊಂಡಿದ್ದರು. ಅವರ ರಕ್ತದಲ್ಲಿ ಸೈಕ್ಲೋಸ್ಪೋರಿನ್ ಮಟ್ಟ ಕುಸಿದು, ದೇಹವು ಕಸಿ ಹೃದಯವನ್ನು ತಿರಸ್ಕರಿಸಲು ಆರಂಭಿಸಿತು. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನ ವೈದ್ಯರು 2000ರಲ್ಲಿ ಇದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ಕಾಳುಮೆಣಸು, ಹಿಪ್ಪಲಿ ಮತ್ತು ಬೆಂಗಳೂರಿನ ಅಧ್ಯಯನ

ನಮ್ಮ ಅಡುಗೆಮನೆಗೆ ಹತ್ತಿರದ ಉದಾಹರಣೆ ಕಾಳುಮೆಣಸು. ಹಸಿ ಶುಂಠಿ, ಬೆಳ್ಳುಳ್ಳಿ ಬಳಸದ ಮನೆಗಳಲ್ಲಿ ನೆಗಡಿ, ಕೆಮ್ಮು, ಅಜೀರ್ಣಕ್ಕೆ ಒಣಶುಂಠಿ, ಮೆಣಸು, ಹಿಪ್ಪಲಿಯ ‘ತ್ರಿಕಟು’ವೇ ಆಧಾರ. ಮೆಣಸು ಮತ್ತು ಹಿಪ್ಪಲಿ ಎರಡರ ಖಾರಕ್ಕೂ ಕಾರಣ ‘ಪೈಪರಿನ್’ ಎಂಬ ವಸ್ತು. ಇದು 3ಎ4 ಕಿಣ್ವಕ್ಕೂ, ಎರಡನೇ ಹಂತದ ಜೋಡಣೆ ಕೆಲಸಕ್ಕೂ ಅಡ್ಡಿಯಾಗುತ್ತದೆ.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ಕುರಿತ ಅಧ್ಯಯನ ಪ್ರಕಟಿಸಿದರು. ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ಅದು ರಕ್ತದಲ್ಲಿ ಕಾಣಿಸಿದ್ದೇ ಅತ್ಯಲ್ಪ. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ದೊರೆತ ಪ್ರಮಾಣ ಶೇ. 2000ರಷ್ಟು ಹೆಚ್ಚಿತು. ಇಂದು ಮಾರುಕಟ್ಟೆಯಲ್ಲಿ ಸಿಗುವ ಬಹಳಷ್ಟು ಅರಿಶಿನ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸಾರ ಸೇರಿಸುವುದಕ್ಕೆ ಈ ಅಧ್ಯಯನವೇ ಆಧಾರ.

ಅದೇ ಗುಣ ಮಾತ್ರೆಗಳ ಮೇಲೂ ಕೆಲಸ ಮಾಡುತ್ತದೆ. ಭಾರತದಲ್ಲೇ ಸ್ವಯಂಸೇವಕರ ಮೇಲೆ ನಡೆದ ಅಧ್ಯಯನಗಳಲ್ಲಿ, ದಿನಕ್ಕೆ 20 ಮಿಲಿಗ್ರಾಂ ಪೈಪರಿನ್ ಸೇವಿಸಿದಾಗ ಫೆನಿಟೋಯಿನ್, ರಕ್ತದೊತ್ತಡದ ಪ್ರೊಪ್ರನಲಾಲ್ ಮತ್ತು ಉಬ್ಬಸದ ಥಿಯೋಫಿಲಿನ್ ರಕ್ತದಲ್ಲಿ ಹೆಚ್ಚಿದ್ದು ಕಂಡುಬಂತು. ಕಾಳುಮೆಣಸಿನಲ್ಲಿ ಪೈಪರಿನ್ ಸುಮಾರು ಶೇ. 5ರಷ್ಟಿದ್ದರೂ, 20 ಮಿಲಿಗ್ರಾಂ ಎಂದರೆ ಅರ್ಧ ಗ್ರಾಂನೊಳಗಿನ ಮೆಣಸು. ಒಂದು ಲೋಟ ಗಟ್ಟಿ ಕಷಾಯಕ್ಕೆ ಅಷ್ಟು ಬೀಳುವುದು ದೊಡ್ಡ ಮಾತಲ್ಲ.

ಈ ಗುಣವನ್ನು ಒಳ್ಳೆಯದಕ್ಕೂ ಬಳಸಿದ್ದಾರೆ. ಜಮ್ಮುವಿನ ಸಿಎಸ್‌ಐಆರ್ ಪ್ರಯೋಗಾಲಯದ ಸಂಶೋಧನೆಯಿಂದ ಕ್ಷಯರೋಗಕ್ಕೆ ಪೈಪರಿನ್ ಸೇರಿಸಿದ ಸಂಯುಕ್ತ ಔಷಧವೊಂದು ಸಿದ್ಧವಾಗಿ 2009ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ರಿಫಾಂಪಿಸಿನ್ ಪ್ರಮಾಣವನ್ನು 450 ಮಿಲಿಗ್ರಾಂನಿಂದ 200ಕ್ಕೆ ಇಳಿಸಲು ಸಾಧ್ಯವಾಯಿತು. ಆಯುರ್ವೇದವು ತ್ರಿಕಟುವನ್ನು ಇಷ್ಟೊಂದು ಯೋಗಗಳಲ್ಲಿ ಸೇರಿಸಿದ್ದರ ಹಿಂದಿನ ಅನುಭವ ಇಲ್ಲಿ ಸಮರ್ಥನೆ ಪಡೆಯುತ್ತದೆ. ವ್ಯತ್ಯಾಸವಿಷ್ಟೇ: ಅಲ್ಲಿ ಲೆಕ್ಕ ಹಾಕಿ ಮಾತ್ರೆಯ ಪ್ರಮಾಣ ಇಳಿಸಿದರು, ಮನೆಯಲ್ಲಿ ಲೆಕ್ಕವಿಲ್ಲದೆ ಎರಡೂ ಒಟ್ಟಾಗುತ್ತವೆ.

ಹಾಗಾದರೆ ಸಾರಿಗೆ ಮೆಣಸು ಹಾಕಬಾರದೇ? ಖಂಡಿತ ಹಾಕಬಹುದು. ಪ್ರತಿದಿನ ಒಂದೇ ಬಗೆಯ ಅಡುಗೆ ಉಣ್ಣುವವರ ಮಾತ್ರೆಯ ಪ್ರಮಾಣ ಆ ಅಡುಗೆಗೆ ಹೊಂದಿಕೊಂಡೇ ನಿಗದಿಯಾಗಿರುತ್ತದೆ. ತೊಂದರೆ ಬರುವುದು ಹಠಾತ್ ಬದಲಾವಣೆಯಿಂದ. ಎಂದೂ ಕುಡಿಯದವರು ದಿನಕ್ಕೆ ಮೂರು ಬಾರಿ ಗಟ್ಟಿ ಕಷಾಯ ಆರಂಭಿಸುವುದು, ಅಥವಾ ಸಾರ ಇಳಿಸಿದ ಕ್ಯಾಪ್ಸೂಲ್‌ಗಳನ್ನು ತಿಂಗಳುಗಟ್ಟಲೆ ನುಂಗುವುದು ಅಂಥ ಬದಲಾವಣೆ.

ಮೂರ್ಛೆರೋಗದ ಮಾತ್ರೆ ಮತ್ತು ಶಂಖಪುಷ್ಪಿ

ಮಕ್ಕಳ ಜ್ಞಾಪಕಶಕ್ತಿಗೆಂದು ಶಂಖಪುಷ್ಪಿಯ ಸಿರಪ್ ಕೊಡುವ ಮನೆಗಳು ಬಹಳ. 1992ರಲ್ಲಿ ಪ್ರಕಟವಾದ ಮುಂಬೈನ ಅಧ್ಯಯನವೊಂದನ್ನು ಅಂಥ ತಂದೆತಾಯಿಗಳು ತಿಳಿದಿರಬೇಕು. ಫೆನಿಟೋಯಿನ್ ಮಾತ್ರೆಯಿಂದ ಫಿಟ್ಸ್ ಹತೋಟಿಯಲ್ಲಿದ್ದ ಇಬ್ಬರು ರೋಗಿಗಳಿಗೆ ಇದ್ದಕ್ಕಿದ್ದಂತೆ ಹತೋಟಿ ತಪ್ಪಿತು. ವಿಚಾರಿಸಿದಾಗ ಇಬ್ಬರೂ ಶಂಖಪುಷ್ಪಿ ಇದ್ದ ಆಯುರ್ವೇದ ಔಷಧವನ್ನು ಜೊತೆಗೆ ಸೇವಿಸುತ್ತಿದ್ದರು. ಆ ಮೇಲೆ ಇಲಿಗಳ ಮೇಲೆ ಪರೀಕ್ಷಿಸಿದಾಗ, ಕೆಲವು ದಿನ ಸತತವಾಗಿ ಈ ಔಷಧ ಕೊಟ್ಟರೆ ರಕ್ತದಲ್ಲಿ ಫೆನಿಟೋಯಿನ್ ಮಟ್ಟ ಇಳಿಯುವುದು ಕಂಡುಬಂತು.

ಗಮನಿಸಿ: ಒಂದೇ ಫೆನಿಟೋಯಿನ್ ಮಾತ್ರೆಯನ್ನು ಮೆಣಸಿನ ಪೈಪರಿನ್ ಏರಿಸಿತು, ಶಂಖಪುಷ್ಪಿಯ ಔಷಧ ಇಳಿಸಿತು. ಏರಿದರೆ ತಲೆತಿರುಗು, ನಡಿಗೆಯಲ್ಲಿ ತೂರಾಟ, ಮಂಪರು. ಇಳಿದರೆ ಫಿಟ್ಸ್. ಇಂಥ ಔಷಧಗಳಲ್ಲಿ ‘ಸಾಲದು’ ಮತ್ತು ‘ಅತಿಯಾಯಿತು’ ಎಂಬುದರ ನಡುವಿನ ಅಂತರ ಬಹಳ ಕಿರಿದು. ವಾರ್ಫರಿನ್, ಡಿಗಾಕ್ಸಿನ್, ಥಿಯೋಫಿಲಿನ್, ಲಿಥಿಯಂ, ಕಸಿಯಾದವರ ಮಾತ್ರೆಗಳು ಎಲ್ಲವೂ ಇದೇ ಸಾಲಿನವು. ಇವನ್ನು ಸೇವಿಸುವವರು ಯಾವುದೇ ಮೂಲಿಕೆಯನ್ನು ತಾವಾಗಿ ಆರಂಭಿಸಬಾರದು.

ಚಕ್ಕೋತ ಹಣ್ಣಿನ ವಿಷಯ

ಮೂಲಿಕೆ ಮಾತ್ರವಲ್ಲ, ಹಣ್ಣೂ ಹೀಗೆ ಮಾಡಬಲ್ಲದು ಎಂಬುದು ಆಕಸ್ಮಿಕವಾಗಿ ಗೊತ್ತಾಯಿತು. ಕೆನಡಾದ ಡೇವಿಡ್ ಬೈಲಿ ಅವರ ತಂಡ ರಕ್ತದೊತ್ತಡದ ಫೆಲೋಡಿಪಿನ್ ಮಾತ್ರೆಯ ಪ್ರಯೋಗದಲ್ಲಿ, ಮದ್ಯದ ರುಚಿ ಮರೆಮಾಚಲು ಗ್ರೇಪ್‌ಫ್ರೂಟ್ ರಸ ಬಳಸಿತ್ತು. ರಕ್ತದಲ್ಲಿ ಔಷಧ ನಿರೀಕ್ಷೆಗಿಂತ ಎಷ್ಟೋ ಹೆಚ್ಚಿತ್ತು. ಕಾರಣ ಮದ್ಯವಲ್ಲ, ಹಣ್ಣಿನ ರಸ ಎಂದು 1991ರ ಹೊತ್ತಿಗೆ ಖಚಿತವಾಯಿತು. ಆ ಹಣ್ಣಿನ ‘ಫ್ಯುರನೋಕೂಮರಿನ್’ ಎಂಬ ವಸ್ತುಗಳು ಕರುಳಿನ ಗೋಡೆಯಲ್ಲಿರುವ 3ಎ4 ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಹೊಸ ಕಿಣ್ವ ಹುಟ್ಟುವವರೆಗೆ, ಅಂದರೆ ಒಂದು ದಿನಕ್ಕೂ ಹೆಚ್ಚು ಕಾಲ, ಅದರ ಪರಿಣಾಮ ಉಳಿಯುತ್ತದೆ.

ನಮ್ಮ ಚಕ್ಕೋತ ಗ್ರೇಪ್‌ಫ್ರೂಟಿನ ಹತ್ತಿರದ ಸಂಬಂಧಿ. ಭೌಗೋಳಿಕ ಮಾನ್ಯತೆ ಪಡೆದ ದೇವನಹಳ್ಳಿಯ ಚಕ್ಕೋತ ರಾಜ್ಯದಲ್ಲೆಲ್ಲ ಹೆಸರುವಾಸಿ. ಚಕ್ಕೋತದಲ್ಲೂ ಇದೇ ವಸ್ತುಗಳಿವೆ. ಕಸಿಯಾದವರ ಔಷಧಗಳ ಮಟ್ಟ ಇದರಿಂದ ಏರಿದ ವರದಿಗಳಿವೆ. ಆರೋಗ್ಯವಂತರು ನಿಶ್ಚಿಂತೆಯಿಂದ ತಿನ್ನಬಹುದು. ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್, ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್, ಫೆಲೋಡಿಪಿನ್ ಸೇವಿಸುವವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಅಂತರ ಕೊಟ್ಟರೂ ಸಾಲುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಸೊಪ್ಪು

ಹೃದಯದ ಕವಾಟ ಬದಲಿಸಿಕೊಂಡವರಿಗೆ ವಾರ್ಫರಿನ್ ಅಥವಾ ಅದೇ ಬಗೆಯ ಮಾತ್ರೆ ಜೀವನಾಡಿ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ತಯಾರಿಸುತ್ತದೆ, ಅದಕ್ಕೆ ಕೆ ಜೀವಸತ್ವ ಬೇಕು. ವಾರ್ಫರಿನ್ ಆ ಜೀವಸತ್ವದ ಬಳಕೆಯನ್ನು ತಡೆಯುತ್ತದೆ. ಹಸಿರು ಸೊಪ್ಪುಗಳಲ್ಲಿ ಇದೇ ಜೀವಸತ್ವ ಧಾರಾಳ. ನುಗ್ಗೆಸೊಪ್ಪು ಒಳ್ಳೆಯದೆಂದು ಓದಿ ದಿನವೂ ಅದರ ಪುಡಿ ಸೇವಿಸಲು ಆರಂಭಿಸಿದರೆ ಮಾತ್ರೆಯ ಶಕ್ತಿ ಕುಗ್ಗಿ, ಕವಾಟದ ಮೇಲೆ ರಕ್ತ ಗಡ್ಡೆಕಟ್ಟುವ ಅಪಾಯವಿದೆ.

ಅದೇ ರೀತಿ ಅಷ್ಟಮಿ, ಚತುರ್ದಶಿಗಳಲ್ಲಿ, ಪರ್ಯೂಷಣ ಅಥವಾ ದಶಲಕ್ಷಣ ಪರ್ವದಲ್ಲಿ, ಚಾತುರ್ಮಾಸದಲ್ಲಿ ಹಸಿರು ಸೊಪ್ಪು ಬಿಡುವವರಿದ್ದಾರೆ. ಹಲವು ದಿನ ಸೊಪ್ಪು ಪೂರ್ತಿ ನಿಂತರೆ ಇದಕ್ಕೆ ವಿರುದ್ಧವಾಗಿ ಮಾತ್ರೆಯ ಪರಿಣಾಮ ಏರಿ ರಕ್ತಸ್ರಾವದ ಭಯ ಉಂಟಾಗಬಹುದು. ಈ ಮಾತ್ರೆ ಸೇವಿಸುವವರು ತಮ್ಮ ವ್ರತದ ದಿನಗಳನ್ನು ಮುಂಚೆಯೇ ವೈದ್ಯರಿಗೆ ತಿಳಿಸಿ, ಐಎನ್‌ಆರ್ ಪರೀಕ್ಷೆಯನ್ನು ಆ ಸಮಯಕ್ಕೆ ಹೊಂದಿಸಿಕೊಳ್ಳಬೇಕು.

ಯಕೃತ್ತಿಗೇ ಪೆಟ್ಟು ಬಿದ್ದಾಗ

ಇಲ್ಲಿಯವರೆಗೆ ಹೇಳಿದ್ದು ಮೂಲಿಕೆ ಮಾತ್ರೆಯ ಕೆಲಸ ಬದಲಿಸುವ ವಿಚಾರ. ಕೆಲವರಲ್ಲಿ ಮೂಲಿಕೆಯೇ ಯಕೃತ್ತಿಗೆ ಉರಿಯೂತ ತರಬಹುದು.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಗೂ ತಲುಪಿತು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಉರಿಯೂತ ಕಂಡುದನ್ನು ವರದಿ ಮಾಡಿದರು. ಮರುವರ್ಷ ದೇಶದ 13 ಆಸ್ಪತ್ರೆಗಳ ಅಧ್ಯಯನ ಇಂಥ 43 ರೋಗಿಗಳನ್ನು ದಾಖಲಿಸಿತು. ಹಲವರಲ್ಲಿ ದೇಹದ ರೋಗನಿರೋಧಕ ಶಕ್ತಿ ಸ್ವಂತ ಯಕೃತ್ತಿನ ಮೇಲೆಯೇ ತಿರುಗಿದ ಲಕ್ಷಣಗಳಿದ್ದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಬೇರೆ ಬಳ್ಳಿಗಳಿವೆ, ಗುರುತಿಸುವಲ್ಲಿ ತಪ್ಪಾಗಬಾರದು ಎಂದು ಎಚ್ಚರಿಸಿತು. ವಾದ ಏನೇ ಇರಲಿ, ಮನೆಯವರಿಗೆ ಎರಡೂ ಕಡೆಯಿಂದ ಸಿಗುವ ಪಾಠ ಒಂದೇ: ಗುರುತು ಖಚಿತವಿಲ್ಲದ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯಬಾರದು. ಥೈರಾಯ್ಡ್, ಸಂಧಿವಾತದಂಥ ಸ್ವಯಂನಿರೋಧಕ ಕಾಯಿಲೆ ಅಥವಾ ಈಗಾಗಲೇ ಯಕೃತ್ತಿನ ತೊಂದರೆ ಇರುವವರು ವೈದ್ಯರ ಸಲಹೆಯಿಲ್ಲದೆ ಅದನ್ನು ಮುಟ್ಟಬಾರದು.

ಅರಿಶಿನದ ವಿಷಯವೂ ಹಾಗೆಯೇ. ಅಡುಗೆಯ ಅರಿಶಿನದಿಂದ ಭಯವಿಲ್ಲ. ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಜಾಲವು 2022ರಲ್ಲಿ ಅರಿಶಿನದ ಪೂರಕಗಳಿಗೆ ಸಂಬಂಧಿಸಿದ 10 ಪ್ರಕರಣಗಳನ್ನು ಪ್ರಕಟಿಸಿತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿಯಲ್ಲಿ ಒಂದೇ ಬಗೆಯ ಆನುವಂಶಿಕ ಗುರುತು ಇತ್ತು. ಅಂದರೆ ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಿರಲು ಹುಟ್ಟಿನಿಂದ ಬಂದ ಕಾರಣವಿರಬಹುದು. ‘ನಮಗೇನೂ ಆಗಿಲ್ಲ, ನೀವೂ ತೆಗೆದುಕೊಳ್ಳಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅಶ್ವಗಂಧದ ಪೂರಕಗಳಿಂದಲೂ ಕಾಮಾಲೆ ಬಂದ ವರದಿಗಳಿವೆ. 2020ರಲ್ಲಿ ಪ್ರಕಟವಾದ ಐದು ಪ್ರಕರಣಗಳಲ್ಲಿ ಮೂರು ಐಸ್‌ಲೆಂಡಿನವು.

ಯಕೃತ್ತಿಗೆ ಭಾರವಾಗುವ ಮಾತ್ರೆಗಳನ್ನು ಈಗಾಗಲೇ ಸೇವಿಸುತ್ತಿರುವವರಿಗೆ ಅಪಾಯ ಹೆಚ್ಚು. ಕ್ಷಯರೋಗದ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಅಂಥವು. ಮೂರ್ಛೆರೋಗದ ವಾಲ್ಪ್ರೊಯೇಟ್, ಸಂಧಿವಾತದ ಮೆಥೊಟ್ರೆಕ್ಸೇಟ್ ಕೂಡ ಅದೇ ಸಾಲಿನಲ್ಲಿವೆ. ಕ್ಷಯದ ಮಾತ್ರೆ ನುಂಗುವವರು ‘ಶಕ್ತಿಗೆಂದು’ ಮೂಲಿಕೆ ಸೇರಿಸಿ, ಯಕೃತ್ತು ಕೆಟ್ಟರೆ, ಯಾವುದು ಕಾರಣವೆಂದು ತಿಳಿಯದೆ ಕ್ಷಯದ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗುತ್ತದೆ.

ಕಾಮಾಲೆಗೆ ಹಳ್ಳಿಮದ್ದು

ಕಣ್ಣು ಹಳದಿಯಾದರೆ ಮೊದಲು ಹಳ್ಳಿಯ ಮದ್ದಿಗೆ ಹೋಗುವ ರೂಢಿ ಮಧ್ಯ ಕರ್ನಾಟಕದಲ್ಲಿ ಇಂದಿಗೂ ಇದೆ. ಬಹಳ ಕಡೆ ಕೊಡುವುದು ನೆಲನೆಲ್ಲಿ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಸೋಂಕಿತರಿಗೆ ನೆಲನೆಲ್ಲಿ ಕೊಟ್ಟು, ಶೇ. 59 ಮಂದಿಯಲ್ಲಿ ವೈರಾಣುವಿನ ಗುರುತು ಮಾಯವಾಯಿತೆಂದು ವರದಿ ಮಾಡಿದಾಗ ಜಗತ್ತಿನ ಗಮನ ಸೆಳೆಯಿತು. ಮುಂದೆ ಬೇರೆಡೆ ನಡೆದ ಅಧ್ಯಯನಗಳಲ್ಲಿ ಆ ಫಲ ಮರುಕಳಿಸಲಿಲ್ಲ.

ಹೆಪಟೈಟಿಸ್ ಎ ಕಾಮಾಲೆ ಬಹುಪಾಲು ಜನರಲ್ಲಿ ತಾನಾಗಿಯೇ ಗುಣವಾಗುತ್ತದೆ, ಆದ್ದರಿಂದ ಯಾವ ಮದ್ದು ಕೊಟ್ಟರೂ ಅದಕ್ಕೆ ಹೆಸರು ಬರುತ್ತದೆ. ಆದರೆ ಕಾಮಾಲೆಗೆ ಪಿತ್ತಕೋಶದ ಕಲ್ಲು, ಗಡ್ಡೆ, ಹೆಪಟೈಟಿಸ್ ಬಿ, ಅಥವಾ ಸೇವಿಸುತ್ತಿರುವ ಔಷಧವೇ ಕಾರಣವಿರಬಹುದು. ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಆಗದೆ ವಾರಗಟ್ಟಲೆ ಕಾಯುವುದು ಜೀವಕ್ಕೆ ಎರವಾಗಬಹುದು. ಪರೀಕ್ಷೆಗಳ ಸೌಲಭ್ಯ ದಾವಣಗೆರೆಯಲ್ಲೇ ಇದೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಯೂ, ವೈದ್ಯಕೀಯ ಕಾಲೇಜುಗಳೂ ಇರುವ ಊರಿನಲ್ಲಿ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಮದ್ದಿನ ವಿಚಾರ ಮಾಡುವುದು ಕಷ್ಟವಲ್ಲ.

ಉಪವಾಸದ ದಿನಗಳಲ್ಲಿ

ಉಪವಾಸ, ಏಕಾಶನ, ಸೂರ್ಯಾಸ್ತದ ನಂತರ ಆಹಾರ ತ್ಯಾಗ ಇವು ಜೈನ ಮನೆಗಳ ಜೀವನಕ್ರಮ. ಔಷಧಕ್ಕೂ ಇದಕ್ಕೂ ಸಂಬಂಧವಿದೆ.

ಪ್ಯಾರಾಸಿಟಮಾಲ್ ಒಡೆಯುವಾಗ ಸ್ವಲ್ಪ ಪಾಲು ವಿಷವಸ್ತುವಾಗುತ್ತದೆ. ಯಕೃತ್ತಿನಲ್ಲಿರುವ ಗ್ಲುಟಾಥಯೋನ್ ಎಂಬ ವಸ್ತು ಅದನ್ನು ತಣಿಸುತ್ತದೆ. ದೀರ್ಘ ಉಪವಾಸದಲ್ಲಿ ಗ್ಲುಟಾಥಯೋನ್ ಸಂಗ್ರಹ ಇಳಿಯುತ್ತದೆ. 1994ರಲ್ಲಿ ಅಮೆರಿಕದ ವೈದ್ಯರು, ಮಿತಿಗಿಂತ ಹೆಚ್ಚು ಪ್ಯಾರಾಸಿಟಮಾಲ್ ಸೇವಿಸಿ ಯಕೃತ್ತಿಗೆ ಹಾನಿಯಾದವರಲ್ಲಿ ಇತ್ತೀಚಿನ ಉಪವಾಸ ಒಂದು ಕಾರಣವಾಗಿದ್ದುದನ್ನು ತೋರಿಸಿದರು. ಅಠ್ಠಾಯಿಯಂಥ ದೀರ್ಘ ತಪಸ್ಸಿನ ನಡುವೆ ಅಥವಾ ಪಾರಣೆಯ ಮರುದಿನ ತಲೆನೋವು, ಜ್ವರ ಬಂದರೆ ಮಾತ್ರೆಯ ಮೇಲೆ ಮಾತ್ರೆ ನುಂಗದೆ ವೈದ್ಯರನ್ನು ಕೇಳಬೇಕು. ನೆಗಡಿಯ ಸಂಯುಕ್ತ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ ಎಂಬುದು ನೆನಪಿರಲಿ.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಎಚ್ಚರ. ಗ್ಲಿಮೆಪಿರೈಡ್‌ನಂಥ ಮಾತ್ರೆ, ಬೆಳಗಿನ ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ಮೇಲೆ ಉಪವಾಸ, ಈ ನಾಲ್ಕೂ ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಹಾಗಲಕಾಯಿ ಮತ್ತು ಸಕ್ಕರೆಯ ಮಾತ್ರೆ ಪರಸ್ಪರ ಬಲ ಕೂಡಿಸುವುದನ್ನು 1979ರಲ್ಲೇ ‘ಲ್ಯಾನ್ಸೆಟ್’ ವರದಿ ಮಾಡಿತ್ತು.

ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್ ಎಂಬ ಕಾರಣಕ್ಕೆ ಹೇಳದೆ ಕೇಳದೆ ಅದನ್ನು ಬಿಟ್ಟು, ಮೂಲಿಕೆಯ ಚೂರ್ಣಕ್ಕೆ ಬದಲಾಗುವವರೂ ಇದ್ದಾರೆ. ಅಹಿಂಸೆಯ ಕಾಳಜಿ ಸಹಜ. ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿದರೆ ಅನೇಕ ಔಷಧಗಳಿಗೆ ಮಾತ್ರೆ, ದ್ರವ ಅಥವಾ ಸಸ್ಯಮೂಲದ ಕ್ಯಾಪ್ಸೂಲಿನ ಪರ್ಯಾಯ ಸಿಗುತ್ತದೆ.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

* ಒಂದು ಹಾಳೆಯಲ್ಲಿ ಮಾತ್ರೆ, ಚೂರ್ಣ, ಲೇಹ್ಯ, ಕಷಾಯ, ಪೂರಕ ಎಲ್ಲವನ್ನೂ ಪ್ರಮಾಣ ಸಹಿತ ಬರೆದಿಡಿ. ಆಸ್ಪತ್ರೆಗೂ ಆಯುರ್ವೇದ ವೈದ್ಯರ ಬಳಿಗೂ ಅದೇ ಹಾಳೆ ಒಯ್ಯಿರಿ.
* ಹೊಸ ಮೂಲಿಕೆ ಆರಂಭಿಸುವ ಮುನ್ನವೂ, ಬಹುದಿನದ್ದನ್ನು ನಿಲ್ಲಿಸುವ ಮುನ್ನವೂ ವೈದ್ಯರಿಗೆ ತಿಳಿಸಿ.
* ಶಸ್ತ್ರಚಿಕಿತ್ಸೆ ನಿಗದಿಯಾದರೆ ಸೇವಿಸುತ್ತಿರುವ ಮೂಲಿಕೆಗಳನ್ನು ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿ ಹೇಳಿ.
* ಆಯುರ್ವೇದ ಔಷಧ ಕೊಳ್ಳುವಾಗ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಘಟಕಗಳ ಪಟ್ಟಿ ನೋಡಿ. ವಿಷದ್ರವ್ಯಗಳ ಪಟ್ಟಿಗೆ ಸೇರಿದ ಘಟಕಗಳಿದ್ದರೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕು’ ಎಂಬ ಎಚ್ಚರಿಕೆ ಇರಬೇಕೆಂದು ಕಾನೂನಿದೆ. ಚೀಟಿಯಿಲ್ಲದ ಪೊಟ್ಟಣದ ಪುಡಿ ಬೇಡ.
* ಒಬ್ಬರಿಗೆ ಬರೆದ ಔಷಧವನ್ನು ಇನ್ನೊಬ್ಬರಿಗೆ ಕೊಡಬೇಡಿ.
* ವೈದ್ಯರು ಬರೆದ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಸಂಶಯ ಬಂದರೆ ಮೊದಲು ಮೂಲಿಕೆಯ ವಿಷಯ ತಿಳಿಸಿ ಸಲಹೆ ಕೇಳಿ.

ತೀವ್ರ ಆಯಾಸ, ಹಸಿವಾಗದಿರುವುದು, ವಾಕರಿಕೆ, ಬಲಪಕ್ಕೆಯಡಿ ನೋವು, ಮೈತುರಿಕೆ, ಗಾಢಬಣ್ಣದ ಮೂತ್ರ, ಬಿಳಿಚಿದ ಮಲ, ಹಳದಿ ಕಣ್ಣು, ಇವು ಯಕೃತ್ತಿನ ದೂರುಗಳು. ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರನ್ನು ಕಾಣಬೇಕು. ಜೊತೆಗೆ ಗೊಂದಲ, ಅತಿನಿದ್ರೆ ಅಥವಾ ರಕ್ತಸ್ರಾವ ಇದ್ದರೆ ತುರ್ತು ಚಿಕಿತ್ಸೆ ಬೇಕು. ಔಷಧದ ಡಬ್ಬಿಗಳನ್ನೂ ಕಷಾಯದ ಪುಡಿಯನ್ನೂ ಜೊತೆಗೇ ಒಯ್ದರೆ ಕಾರಣ ಹುಡುಕುವುದು ಸುಲಭ. ಅಡ್ಡಪರಿಣಾಮಗಳನ್ನು ಯಾರು ಬೇಕಾದರೂ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು. ಆಯುರ್ವೇದ ಔಷಧಗಳ ಅಡ್ಡಪರಿಣಾಮ ದಾಖಲಿಸಲು ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿ ಪ್ರತ್ಯೇಕ ಕೇಂದ್ರವಿದೆ.

ಔಷಧದಾನ ಪುಣ್ಯದ ಕೆಲಸ. ನೆರೆಮನೆಯ ಹಿರಿಯರಿಗೆ ಒಂದು ಲೋಟ ಕಷಾಯ ಕೊಡುವುದೂ ಅದೇ ಭಾವದಿಂದ. ಕೊಡುವ ಮುನ್ನ ‘ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?’ ಎಂದು ಕೇಳುವುದು ಆ ದಾನದ ಭಾಗವೇ ಆಗಬೇಕು.